ಓನರಮ್ಮ ಮತ್ತು ಎರಡು ಸ್ಪೀಕರ್

ನಮ್ಮ ಓನರಮ್ಮ ಯಾರ ಜೊತೆ ಮಾತಾಡುವಾಗಲೂ ಮುಖವನ್ನು ನೇರವಾಗಿ ಇಡುತ್ತಿರಲಿಲ್ಲ. ಕತ್ತನ್ನು ಎಡಕ್ಕೆ ಹೊರಳಿಸಿ, ಬಲಗೆನ್ನೆ ಮುಂದೆ ಮಾಡಿ, ಓರೆಗಣ್ಣಿನಿಂದ ಎದುರಿನವರ ಬಾಯಿಯನ್ನೇ ನೋಡುತ್ತಿದ್ದರು. ಆ ನೋಟದ ಮುಂದೆ ತರಕಾರಿ ಗಾಡಿಯವನೂ ಮಾತು ತಡವರಿಸುತ್ತಿದ್ದ. ಅನ್ನಪೂರ್ಣೇಶ್ವರಿ ನಗರದ ಅವರ ಮನೆಯ ಮಹಡಿಯ ಒಂಟಿ ಕೋಣೆಗೆ ನಾನು ಬಾಡಿಗೆಗೆ ಬಂದ ದಿನ ಹಾಗೇ ನೋಡಿ, "ಗೋಡೆಗೆ ಮೊಳೆ ಹೊಡೀಬಾರ್ದು. ಹೊಡೆದ್ರೆ ನಂಗೆ ಗೊತ್ತಾಯ್ತದೆ" ಅಂದರು.

ಒಂದು ಕಾಲಕ್ಕೆ ಆ ಬೀದಿಯೆಲ್ಲ ಅವರ ಮಾವನವರ ರಾಗಿ ಹೊಲ. ಹೊಲ ಹೋಗಿ ಲೇಔಟ್ ಬರುವಾಗ ಬ್ರೋಕರುಗಳು, ಸರ್ವೆಯವರು, ದಾಯಾದಿಗಳು ಎಲ್ಲರೂ ನಗುನಗುತ್ತಲೇ ಮಾತಾಡಿ ಒಂದೊಂದು ತುಂಡು ಕಿತ್ತುಕೊಂಡಿದ್ದರಂತೆ. ಆಮೇಲೆ ಅವರು ಯಾರನ್ನೂ ನಂಬಲಿಲ್ಲ. ಹಾಲಿನ ಪಾಕೆಟನ್ನು ಬೆಳಕಿಗೆ ಹಿಡಿದು ನೋಡುವರು. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ನೋಡುವರು. "ನಗೋರನ್ನ ಎರಡು ಸಲ ನೋಡ್ಬೇಕು ಕಣಮ್ಮ" ಎನ್ನುವುದು ಅವರ ಮಾತು.

ಎಲ್ಲಕ್ಕಿಂತ ದೊಡ್ಡ ಅನುಮಾನ ಇದ್ದದ್ದು ಸೊಸೆಯ ಮೇಲೆ. ಮಗ ಕೆಲಸದ ಮೇಲೆ ಊರೂರು ತಿರುಗುವವನು. ಮನೆಯಲ್ಲಿ ಇರುತ್ತಿದ್ದದ್ದು ಅತ್ತೆ ಸೊಸೆ ಇಬ್ಬರೇ. "ನನ್ನ ಪಕ್ಕ ನಿಂತು ಬಾಯಿ ಮಾತ್ರ ಆಡಿಸ್ತಾಳೆ. ಏನಂದೆ ಅಂದ್ರೆ ಏನೂ ಇಲ್ಲ ಅಂತಾಳೆ. ಶಾಪ ಹಾಕ್ತಾಳೆ ಕಣಮ್ಮ ಅವ್ಳು" ಎಂದು ನನಗೇ ಹೇಳಿದ್ದರು. ನಾನು ಬರುವ ಹೊತ್ತಿಗಾಗಲೇ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿಯಾಗಿತ್ತು. ಅತ್ತೆ ಹಿತ್ತಲಿನ ಶೀಟಿನಡಿ ತಮಗಷ್ಟೇ ಮುದ್ದೆ ತಿರುವಿಕೊಳ್ಳುತ್ತಿದ್ದರು.

ನಾನು ಸಾಮಾನಿನ ಜೊತೆ ಒಂದು ಹಳೆಯ ಸ್ಟೀರಿಯೋ ತಂದಿದ್ದೆ. ಅಣ್ಣ ಕೊಟ್ಟದ್ದು: ಒಂದು ಆಂಪ್ಲಿಫೈಯರ್, ಎರಡು ಮರದ ಸ್ಪೀಕರ್. ಆಫೀಸಿನಿಂದ ಬಂದು ಒಂದಷ್ಟು ವೀಣೆ, ಒಂದಷ್ಟು ಹಳೆಯ ಹಾಡು ಕೇಳುವುದು ನನಗಿದ್ದ ಒಂದೇ ಚಟ. ಆದರೆ ಆ ಕೋಣೆಯಲ್ಲಿ ಹಾಕಿದರೆ ಮೃದಂಗ ಖಾಲಿ ಡ್ರಮ್ಮಿನಂತೆ ಗುಡುಗುಡು ಅನ್ನುತ್ತಿತ್ತು. ಹಾಡುವವರ ದನಿ ಆ ಗುಡುಗಿನಡಿ ಹೂತುಹೋಗುತ್ತಿತ್ತು. ಶೆಲ್ಫಿನ ಸ್ಟೀಲ್ ತಟ್ಟೆಗಳು ತಾವೇ ತಾಳ ಹಾಕುತ್ತಿದ್ದವು.

ಮೊದಲ ಭಾನುವಾರವೇ ಓನರಮ್ಮ ಮೆಟ್ಟಿಲು ಹತ್ತಿ ಬಂದರು. "ಏನ್ ಕೊರೀತಿದೀಯ ಗೋಡೇನ?"

"ಏನೂ ಕೊರೀತಿಲ್ಲಮ್ಮ, ಹಾಡು ಹಾಕಿದೀನಿ."

"ಹಾಡಿಗೆ ನನ್ನ ತಾರಸಿ ಯಾಕೆ ಅದುರ್ತದೆ?"

ಒಳಗೆ ಬಂದು ಗೋಡೆಗಳ ಮೇಲೆ ಕೈಯಾಡಿಸಿ ಮೊಳೆಯಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಸ್ಪೀಕರುಗಳನ್ನು ನೋಡಿದರು. ಎರಡನ್ನೂ ನಾನು ಮೂಲೆಗೆ ಒತ್ತಿ, ಟ್ರಂಕಿನ ಮೇಲೆ ಇಟ್ಟಿದ್ದೆ. "ಮೂಲೇಲಿ ಕೂತು ಕೂಗಿದ್ರೆ ಸದ್ದು ಎಲ್ಲಿಗೆ ಹೋಗ್ಬೇಕು? ಈಚೆಗೆ ಎಳಿ" ಅಂದರು. ಅವರಿಗೆ ಸಂಗೀತ ಬೇಕಿರಲಿಲ್ಲ, ತಾರಸಿ ಅದುರದೇ ಇದ್ದರೆ ಸಾಕಿತ್ತು. ಅಂತೂ ಇಬ್ಬರೂ ಸೇರಿ ಕೋಣೆಯನ್ನು ಹದಕ್ಕೆ ತರಲು ಹೊರಟೆವು. ಸ್ಪೀಕರುಗಳನ್ನು ಮೂಲೆಯಿಂದ ಎಳೆದು ಗೋಡೆಯಿಂದ ಒಂದು ಮೊಳ ದೂರ ಇಟ್ಟೆವು. ಟ್ರಂಕಿನ ಬದಲು ಕಾಂಕ್ರೀಟ್ ಬ್ಲಾಕು, ಅದರ ಮೇಲೆ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿದ ರಬ್ಬರು, ಅದರ ಮೇಲೆ ಸ್ಪೀಕರು. ಎದುರಿನ ಬೋಳು ಗೋಡೆಗೆ ದನಿ ಬಡಿದು ವಾಪಸು ಬರುತ್ತಿತ್ತು. ಅವರೇ ಕೆಳಗಿನಿಂದ ದಪ್ಪನೆಯ ಕೌದಿಯೊಂದನ್ನು ತಂದು, ಕಿಟಕಿ ಸರಳಿನಿಂದ ಬಾಗಿಲ ಮೇಲಿನ ಕೊಂಡಿಗೆ ಹಗ್ಗ ಎಳೆಸಿ, ಆ ಗೋಡೆಗೆ ಅಡ್ಡವಾಗಿ ಇಳಿಬಿಡಿಸಿದರು. ತಟ್ಟೆಗಳ ನಡುವೆ ಬಟ್ಟೆ ಸಿಕ್ಕಿಸಿದೆ. ಎರಡೂ ಸ್ಪೀಕರಿಗೆ ಸಮದೂರದಲ್ಲಿ ಕುರ್ಚಿ ಹಾಕಿ ಕೂತು ಕೇಳಿದೆ. ಗುಡುಗು ಹೋಗಿತ್ತು. ಮೃದಂಗ ಮೃದಂಗವಾಗಿತ್ತು. ಹಾಡುವವರು ಎರಡು ಸ್ಪೀಕರುಗಳ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ ನಿಂತು ಹಾಡುತ್ತಿದ್ದರು.

"ಬನ್ನಿ ಅಮ್ಮ, ನೀವೂ ಕೂತ್ಕೊಳ್ಳಿ. ದನಿ ನಡುವಿಂದ ಬರುತ್ತೆ ನೋಡಿ."

ಅವರು ಕೂತರು. ಸ್ವಲ್ಪ ಹೊತ್ತು ಕೇಳಿ, "ಎಲ್ಲಿ ನಡುವೆ? ಈ ಬಲಗಡೇದು ಮಾತ್ರ ಹಾಡ್ತಾ ಐತೆ. ಆ ಕಡೇದು ಕೆಟ್ಟೋಗೈತೆ. ನಿಮ್ಮಣ್ಣ ಕೆಟ್ಟಿದ್ದು ಕೊಟ್ಟವ್ನೆ" ಅಂದರು.

ನಾನು ವೈರು ಅದಲುಬದಲು ಮಾಡಿದೆ. ಈಗಲೂ ಬಲಗಡೆಯದೇ ಅಂದರು. ನಾನೇನೋ ಕೈಚಳಕ ಮಾಡಿದೆನೆಂದು ಎದ್ದು ಬಂದು ವೈರು ಮುಟ್ಟಿ ನೋಡಿದರು. ಕೊನೆಗೆ ನಾನು ಕುರ್ಚಿಯನ್ನೇ ಹಿಂದುಮುಂದು ತಿರುಗಿಸಿದೆ. ಅವರು ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತು ಕೇಳಿದರು. ಕೆಟ್ಟಿದೆ ಎಂದಿದ್ದ ಸ್ಪೀಕರು ಈಗ ಅವರ ಬಲಕ್ಕಿತ್ತು. ಅದೇ ಹಾಡುತ್ತಿತ್ತು. ಅವರ ಕೈ ಮೆಲ್ಲಗೆ ಎಡಗಿವಿಗೆ ಹೋಯಿತು. ಅಂಗೈಯಿಂದ ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು.

"ಆರಿಸು ಅದನ್ನ" ಎಂದು ಎದ್ದು, ಕಂಬಿ ಹಿಡಿದುಕೊಂಡು ಕೆಳಗೆ ಹೋದರು.

ಆಮೇಲಿನ ದಿನಗಳಲ್ಲಿ ಅನುಮಾನ ಪಡುವ ಸರದಿ ನನ್ನದಾಯಿತು. ಸಂಜೆ ಬಂದರೆ ಕುರ್ಚಿ ಇಟ್ಟಲ್ಲಿ ಇರುತ್ತಿರಲಿಲ್ಲ. ಬೆಳಿಗ್ಗೆ ಆರಿಸಿ ಹೋದ ಆಂಪ್ಲಿಫೈಯರ್ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ನಾನಿಲ್ಲದಾಗ ಯಾರೋ ಬರುತ್ತಿದ್ದರು. ಇನ್ನೊಂದು ಬೀಗದಕೈ ಇದ್ದದ್ದು ಓನರಮ್ಮನ ಸೊಂಟದಲ್ಲಿ. ನನ್ನ ಬೀರು ತೆಗೆದು ನೋಡುತ್ತಾರೇನೋ ಅನ್ನಿಸಿತು. ನಾಗರಬಾವಿಯಲ್ಲಿ ಬೇರೆ ಮನೆ ನೋಡಿಯೂ ಬಂದೆ. ಕೊನೆಗೊಂದು ದಿನ ಆಫೀಸಿಗೆ ಅರ್ಧ ರಜೆ ಹಾಕಿ ಮಧ್ಯಾಹ್ನವೇ ಬಂದು ಸದ್ದಿಲ್ಲದೆ ಮೆಟ್ಟಿಲು ಹತ್ತಿದೆ.

ಬಾಗಿಲು ಓರೆಯಾಗಿತ್ತು. ವೀಣೆ ಸಣ್ಣಗೆ ನುಡಿಯುತ್ತಿತ್ತು. ಓನರಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಬಲಗಿವಿಗೆ ಹತ್ತಿ ಅದುಮಿ, ಎಡಗಿವಿಯನ್ನು ಸ್ಪೀಕರಿನ ಹತ್ತಿರ ಒಯ್ಯುತ್ತಿದ್ದರು. ಇನ್ನೂ ಹತ್ತಿರ. ಕಿವಿ ಮರಕ್ಕೆ ತಾಗುವಷ್ಟು ಹತ್ತಿರ.

ನನ್ನ ನೆರಳು ಬಿದ್ದು ಕಣ್ಣು ಬಿಟ್ಟರು. ಗಾಬರಿಯಾಗಲಿಲ್ಲ. "ಬೀಗದಕೈ ನಂದೇ ಅಲ್ವಾ" ಅಂದರು. ಹತ್ತಿಯನ್ನು ಬೆರಳಲ್ಲಿ ಹೊಸೆಯುತ್ತಾ, "ನಿನ್ನ ಮಿಷನ್ನೇ ಸುಳ್ಳು ಹೇಳ್ತದೇನೋ ಅಂತ ದಿನಾ ನೋಡ್ದೆ. ಇಲ್ಲ" ಅಂದರು. "ನನ್ ಸೊಸೆ ಯಾವಾಗ್ಲೂ ಈ ಕಡೇನೇ ನಿಂತು ಬಡಿಸ್ತಿದ್ಳು" ಎಂದು ಎಡಭುಜ ಮುಟ್ಟಿಕೊಂಡರು.

ಮನೆ ಬಿಡುವ ಮಾತು ನನ್ನ ಬಾಯಿಂದ ಬರಲಿಲ್ಲ. "ಡಾಕ್ಟರಿಗೆ ತೋರ್ಸೋಣ" ಅಂದೆ.

"ಅವ್ನು ಕಿವಿ ಮಿಷನ್ ಮಾರಕ್ಕೆ ಕೂತವ್ನೆ."

ಆದರೂ ಹೋದರು. ನನ್ನ ಜೊತೆಯಲ್ಲ, ಸೊಸೆಯ ಜೊತೆ. ಸೊಸೆಯ ಹತ್ತಿರ ತಪ್ಪಾಯಿತು ಅಂದರೋ ಇಲ್ಲವೋ ನನಗೆ ಗೊತ್ತಿಲ್ಲ, ಅನ್ನುವವರಲ್ಲ ಅವರು. ಒಂದು ಸಂಜೆ ಬಾಡಿಗೆ ಕೊಡಲು ಕೆಳಗೆ ಹೋದಾಗ ಇಬ್ಬರೂ ಅಡುಗೆಮನೆಯಲ್ಲಿ ಊಟಕ್ಕೆ ಕೂರುತ್ತಿದ್ದರು. ಸೊಸೆ ಎಡಕ್ಕೆ ಕೂರಹೋದಳು. "ಈ ಕಡೆ ಕೂತ್ಕೊ" ಎಂದು ಓನರಮ್ಮ ಬಲಗಡೆಯ ನೆಲವನ್ನು ಕೈಯಿಂದ ತಟ್ಟಿದರು. ಸೊಸೆ ತಟ್ಟೆ ಹಿಡಿದು ಈಚೆಗೆ ಬಂದು ಕೂತಳು. ಹಿತ್ತಲಿನ ಒಲೆ ಆಮೇಲೆ ಸ್ನಾನದ ನೀರು ಕಾಯಿಸಲಿಕ್ಕಾಯಿತು.

ಅನುಮಾನವೇನೂ ಬಿಟ್ಟುಹೋಗಲಿಲ್ಲ. ಕಿವಿಯ ಮಿಷನ್ ಬಂದ ಮೇಲೆ, "ಇದನ್ನ ಹಾಕ್ಕೊಂಡ್ರೆ ಎಲ್ರೂ ಒಳ್ಳೇ ಮಾತೇ ಆಡ್ತಾರೆ. ಇದ್ರಲ್ಲೇ ಏನೋ ಮೋಸ ಐತೆ" ಎನ್ನುತ್ತಿದ್ದರು. ಹೇಳುವಾಗ ತುಟಿಯ ಅಂಚು ಮಾತ್ರ ಸ್ವಲ್ಪ ಸಡಿಲವಾಗುತ್ತಿತ್ತು. ಭಾನುವಾರ ಸಂಜೆ ಸೊಸೆಯನ್ನೂ ಕರೆದುಕೊಂಡು ಮೇಲೆ ಬರುವರು. ಕುರ್ಚಿಯಲ್ಲಿ ಒಮ್ಮೆ ಅವರು, ಒಮ್ಮೆ ಅವಳು.

ಕಳೆದ ಬೇಸಿಗೆಯಲ್ಲಿ ಜ್ವರ ಬಂದು ಮಲಗಿದ ಓನರಮ್ಮ ಮತ್ತೆ ಏಳಲಿಲ್ಲ. ಅಂಗಳದ ತುಂಬ ನೆಂಟರು ಸೇರಿದ್ದರು. ನೀರಿನ ತೊಟ್ಟಿಯ ಹತ್ತಿರ ಒಬ್ಬ ಹಿರಿಯ ಹೆಂಗಸು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಸೊಸೆ ಒಂದು ತುತ್ತು ಹಾಕ್ಲಿಲ್ಲ. ಅತ್ತೆ ಹಿತ್ತಲಲ್ಲಿ ತಾನೇ ಬೇಯಿಸ್ಕೊಂಡು ತಿಂತಿದ್ಳಂತೆ ಪಾಪ. ಕೊನೇಲಿ ಸೊಸೆ ಏನ್ ಕೊಟ್ಳೋ ಏನೋ." ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಅದು ಕೇಳಿಸಿತ್ತು. ಅವಳು ತಲೆಯೆತ್ತಲಿಲ್ಲ.

ಬೇರೆಯವರ ಮನೆಯ ಮಾತಿಗೆ ನಾನು ಬಾಯಿ ಹಾಕುವವಳಲ್ಲ. ಆದರೂ ತೊಟ್ಟಿಯ ಹತ್ತಿರ ಹೋದೆ.

"ನೀನ್ಯಾರವ್ವ?" ಎಂದಳು ಆ ಹೆಂಗಸು, ನನ್ನನ್ನು ಮೇಲಿಂದ ಕೆಳಗೆ ಅಳೆಯುತ್ತಾ.

"ಮೇಲಿನ ರೂಮಲ್ಲಿ ಬಾಡಿಗೆಗಿದೀನಿ. ಅವ್ರು ಉಂಡಿದ್ದು ಸೊಸೆ ಕೈಯಿಂದಾನೇ. ಪಕ್ಕದಲ್ಲೇ ಕೂರಿಸ್ಕೊಂಡು ಉಣ್ತಿದ್ರು. ನಾನು ಕಣ್ಣಾರೆ ನೋಡಿದೀನಿ" ಅಂದೆ.

ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನಾನು ಹೋಗಿ ಸೊಸೆಯ ಪಕ್ಕ ನಿಂತುಕೊಂಡೆ.