ಜಪಾನಿನವರ ಅಳಿಯಕಟ್ಟು

ಮಾವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ಹೇಳುವವರಿಗೇನು, ಅವರ ಮಾವ ರಬ್ಬರಿನ ಬಳೆಗಳನ್ನು ಕಾಯುತ್ತ ಕೂತು ಸತ್ತವರಲ್ಲ.

ಮಾವ ಎಂದರೆ ಅಮ್ಮನ ಅಣ್ಣ. ಮದುವೆಯಾಗಿರಲಿಲ್ಲ. ಕುವೈತಿನ ಅರ್ದಿಯಾದಲ್ಲಿ ಕಾರಿನ ಬಿಡಿಭಾಗಗಳ ಗೋದಾಮನ್ನು ನೋಡಿಕೊಳ್ಳುತ್ತಿದ್ದರು, ನನಗೆ ವೀಸಾ ತೆಗೆಸಿ ಅಲ್ಲಿಗೇ ಕರೆಸಿಕೊಂಡಿದ್ದರು. ನಮಗೆ ವೀಸಾ ಕೊಟ್ಟ ಅರಬ್ಬಿ ಧಣಿಯನ್ನು ಕಫೀಲ್ ಎನ್ನುತ್ತಿದ್ದೆವು, ಅವನಿಗೆ ಜಪಾನಿನ ಒಂದು ಕಂಪೆನಿಯ ಏಜೆನ್ಸಿ ಇತ್ತು. ಆ ಕಂಪೆನಿ ಮಾಡುತ್ತಿದ್ದದ್ದು ಆಯಿಲ್ ಸೀಲ್, ಅಂದರೆ ಇಂಜಿನ್ನಿನ ಎಣ್ಣೆ ಸೋರದ ಹಾಗೆ ತಡೆಯುವ ರಬ್ಬರಿನ ಬಳೆ. ಮಗುವಿನ ಬೆರಳಿಗೆ ಉಂಗುರವಾಗುವಂಥವು, ದಪ್ಪ ಹೆಂಗಸಿನ ತೋಳಿಗೂ ಸಡಿಲವಾಗುವಂಥವು, ಎಲ್ಲ ಅಳತೆಯವೂ ನಮ್ಮಲ್ಲಿದ್ದವು. ಮಾವನಿಗೆ ಅವುಗಳ ಮೇಲೆ ಪ್ರೀತಿ. ನನಗೆ ಆ ರಬ್ಬರಿನ ವಾಸನೆಗೇ ತಲೆನೋವು ಬರುತ್ತಿತ್ತು.

ಪ್ರತಿ ಚಳಿಗಾಲದಲ್ಲಿ ಕಂಪೆನಿಯಿಂದ ಒಬ್ಬರು ಬರುತ್ತಿದ್ದರು. ಸಣ್ಣ ಆಳು, ದೊಡ್ಡ ಕನ್ನಡಕ. ಧೂಳು ಹಿಡಿದ ಗೋದಾಮಿನ ಬಾಗಿಲಲ್ಲೂ ಬೂಟು ಬಿಚ್ಚಲು ಬಗ್ಗುವರು, ಮಾವ ಓಡಿಹೋಗಿ ತಡೆಯುವರು. ಕಫೀಲ್ ಸಿಟಿಯ ದೊಡ್ಡ ಹೋಟೆಲಿಗೆ ಕರೆದರೂ ಅವರಿಗೆ ಊಟಕ್ಕೆ ಪಕ್ಕದ ಕಾಕನ ಹೋಟೆಲೇ ಆಗಬೇಕು. ಕಾಕ ನಮ್ಮ ಉಳ್ಳಾಲದ ಕಡೆಯ ಬ್ಯಾರಿ ಸಾಹೇಬರು, ಮಾವನ ಹಳೆಯ ಗೆಳೆಯ. ಕಾಕನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮುಂದಿಟ್ಟರೆ ಆ ಜಪಾನಿನವರು ಮುಳ್ಳು ಮಾತ್ರ ಬಿಟ್ಟು ಏಳುತ್ತಿದ್ದರು.

ಒಮ್ಮೆ ಊಟದ ನಡುವೆ ಮಾವ ಕಂಪೆನಿ ಹುಟ್ಟಿದ್ದು ಹೇಗೆ ಎಂದು ಕೇಳಿದರು. ಅವರು ನಿಧಾನವಾಗಿ, ಮುರಿದ ಇಂಗ್ಲಿಷಿನಲ್ಲಿ ಹೇಳಿದರು. ಹೊಳೆ ಬದಿಯ ಊರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಒಬ್ಬ ಮನುಷ್ಯ. ಗಂಡ ಹೆಂಡತಿ ಸೇರಿ ಅಡುಗೆಮನೆಯ ಮಣೆಯ ಮೇಲೆ ಹಳೆ ಟಯರು ಕತ್ತರಿಸಿ ಬಳೆ ಮಾಡಿ ಮಾರಿದರು. ಆಮೇಲೆ ಒಂದು ಶೆಡ್ಡು, ಕಬ್ಬಿಣದ ಅಚ್ಚುಗಳು. ಯುದ್ಧದಲ್ಲಿ ಶೆಡ್ಡು ಸುಟ್ಟುಹೋಯಿತು. ಆದರೆ ಆ ಮನುಷ್ಯ ಊರು ಬಿಟ್ಟು ಓಡದೆ, ಅಚ್ಚುಗಳನ್ನೆಲ್ಲ ಹಗ್ಗ ಕಟ್ಟಿ ಬಾವಿಗೆ ಇಳಿಸಿ ಕಾದುಕೊಂಡಿದ್ದ. ಯುದ್ಧ ಮುಗಿದ ಮೇಲೆ ಮೇಲೆತ್ತಿ, ತುಕ್ಕು ಉಜ್ಜಿ, ಮತ್ತೆ ಶುರು ಮಾಡಿದ. ಕಾರು ಮಾಡುವವರು ಹುಡುಕಿಕೊಂಡು ಬಂದರು. ಮಗ ಇರಲಿಲ್ಲ. ಕೊನೆಗೆ ಎಲ್ಲವನ್ನೂ ಸನ್-ಇನ್-ಲಾ ಕೈಗೆ ಕೊಟ್ಟ.

“ಅದು ನಾನು,” ಎಂದು ತಮ್ಮ ಮೂಗನ್ನು ಮುಟ್ಟಿ ತೋರಿಸಿದರು.

ಮಾವನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಕೇಳಿದೆಯಾ? ಅಳಿಯನಿಗಂತೆ! ಅವರಲ್ಲಿಯೂ ಅಳಿಯಕಟ್ಟು ಉಂಟು ಮಾರಾಯ!”

ನಮ್ಮ ತುಳುವರ ಮನೆಗಳಲ್ಲಿ ಹಿಂದೆ ಆಸ್ತಿ ಹೋಗುತ್ತಿದ್ದದ್ದು ಮಗನಿಗಲ್ಲ, ತಂಗಿಯ ಮಗನಿಗೆ. ಅದಕ್ಕೆ ಅಳಿಯಕಟ್ಟು ಎನ್ನುತ್ತೇವೆ. ಕಾನೂನು ಬದಲಾಗಿ ಎಷ್ಟೋ ಕಾಲವಾಗಿತ್ತು, ಮಾವನ ತಲೆಯೊಳಗೆ ಬದಲಾಗಿರಲಿಲ್ಲ. ಕನ್ನಡದಲ್ಲಿ ಮಗಳ ಗಂಡನೂ ಅಳಿಯ, ತಂಗಿಯ ಮಗನೂ ಅಳಿಯ. ಶಾಲೆಯಲ್ಲಿ ಘಟ್ಟದ ಮೇಲಿನ ಮಾಸ್ತರರು ಅಳಿಯ ಎಂದರೆ ಸನ್-ಇನ್-ಲಾ ಎಂದು ಕಲಿಸಿದ್ದರು. ಮಾವ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನನಗೂ ಬೇರೆ ಯೋಚನೆ ಬರಲಿಲ್ಲ.

ಮಾವ ಎದ್ದು ನಿಂತು ನನ್ನ ಭುಜ ತಟ್ಟಿದರು. “ದಿಸ್ ಮೈ ಸನ್-ಇನ್-ಲಾ. ಆಫ್ಟರ್ ಮಿ, ಹಿ!”

ಜಪಾನಿನವರು ಕುರ್ಚಿ ಬಿಟ್ಟೆದ್ದು ನನಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಮೀನಿನ ಸಾರು ಮೆತ್ತಿದ ಕೈ ಹಿಡಿದುಕೊಂಡು ನಾನೂ ಬಗ್ಗಿದೆ. ಕಾಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಮಾವನಿಗೆ ಆ ಕಂಪೆನಿ ಎಂದರೆ ಸಂಬಂಧಿಕರ ಮನೆ ಇದ್ದ ಹಾಗೆ. ಪ್ರತಿ ವರ್ಷವೂ ಅದೇ ಪರಿಚಯ, ಅದೇ ನಮಸ್ಕಾರ ನಡೆಯುತ್ತಿತ್ತು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಕಫೀಲ್ ಸಂಸಾರ ಸಮೇತ ರಜೆಗೆ ಹೋಗಿದ್ದವನು ಹಿಂದೆ ಬರಲಿಲ್ಲ. ಅಂಗಡಿಗಳು ಖಾಲಿಯಾದವು. ಕಾಕ ಇದ್ದಬದ್ದ ಬೇಳೆ ಬೇಯಿಸಿ, ಬಂದವರಿಗೆಲ್ಲ ಬಡಿಸುತ್ತಿದ್ದರು. ಮಾವನಿಗೆ ಸಕ್ಕರೆ ಕಾಯಿಲೆ. ಅವರ ಇನ್ಸುಲಿನ್ ಕಾಕನ ಫ್ರಿಜ್ಜಿನಲ್ಲಿ ಇರುತ್ತಿತ್ತು. ಮದ್ದಿನ ಅಂಗಡಿಗಳಲ್ಲಿ ಅದು ಸಿಗುವುದು ನಿಂತುಹೋಯಿತು. ನಮ್ಮ ಜನ ಬಸ್ಸು ಹಿಡಿದು ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನಿಗೆ ಹೋಗಿ, ಅಲ್ಲಿಂದ ವಿಮಾನ ಹತ್ತುತ್ತಿದ್ದರು. ನಾನು ಅವರಿವರ ಕಾಲು ಹಿಡಿದು ಇಬ್ಬರಿಗೆ ಜಾಗ ಮಾಡಿಸಿಕೊಂಡು ಬಂದೆ.

“ಮಾವ, ಹೊರಡುವಾ.”

“ಗೋದಾಮಿನ ಕೀ ಯಾರ ಕೈಗೆ ಕೊಡಲಿ?”

“ಸಮುದ್ರಕ್ಕೆ ಬಿಸಾಡಿ. ಇನ್ಸುಲಿನ್ ಮುಗಿದರೆ ಎಂತ ಮಾಡುತ್ತೀರಿ?”

“ಆ ಅಜ್ಜ ಅಚ್ಚುಗಳನ್ನು ಕಾದುಕೊಂಡು ಕೂತದ್ದಕ್ಕಲ್ಲವಾ ಅವರ ಮನೆ ಉಳಿದದ್ದು? ಅದು ನಮ್ಮಂಥವರದ್ದೇ ಮನೆ ಮಾರಾಯ. ಅವರ ಅಳಿಯ ನಾಳೆ ಬಂದು ಕೇಳಿದರೆ, ಬಿಟ್ಟು ಓಡಿದೆ ಅಂತ ಹೇಳಲಿಕ್ಕೆ ಆಗ್ತದಾ?”

“ಹಾಗಾದರೆ ನಾನೂ ಹೋಗುವುದಿಲ್ಲ.”

ಮಾವ ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. “ನೀನು ಹೋಗಲೇಬೇಕು. ಅಳಿಯ ನೀನು. ನಿನಗೆ ಏನಾದರೂ ಆದರೆ ತಂಗಿಗೆ ನಾನು ಯಾವ ಮುಖ ತೋರಿಸಲಿ?”

ಬ್ಯಾಗನ್ನು ಅವರೇ ಬಸ್ಸಿನೊಳಗೆ ದೂಡಿದರು. ಕಿಟಕಿಯಿಂದ ನಾನು ಬಾಯಿಗೆ ಬಂದ ಹಾಗೆ ಬೈದೆ, ಹಠಮಾರಿ, ಹುಚ್ಚ, ಏನೇನೋ. ಅವರು ನಗುತ್ತಲೇ ಕೈ ಬೀಸಿದರು.

ಊರಿಗೆ ಬಂದ ಮೇಲೆ ಅಮ್ಮ ರಸ್ತೆಯಲ್ಲಿ ಬಸ್ಸು ನಿಂತಾಗಲೆಲ್ಲ ಬೀಡಿ ಕಟ್ಟುವ ತಟ್ಟೆ ಕೆಳಗಿಟ್ಟು ಎದ್ದುಬಂದು ನೋಡುತ್ತಿದ್ದಳು. ಕೊನೆಗೆ ಕಾಕನ ಸಂಬಂಧಿಯೊಬ್ಬರು ಕುವೈತಿನಿಂದ ಬಂದವರು ನೇರ ನಮ್ಮ ಮನೆಗೇ ಬಂದರು. ಅವರು ಚಪ್ಪಲಿ ಬಿಡುವ ರೀತಿಯಲ್ಲೇ ಅಮ್ಮನಿಗೆ ಗೊತ್ತಾಯಿತು. ಹೆಣವೂ ಇಲ್ಲದೆ, ಹಿಡಿ ಬೂದಿಯೂ ಇಲ್ಲದೆ ನಾವು ಮಾವನ ಉತ್ತರಕ್ರಿಯೆಯ ಬೊಜ್ಜ ಮಾಡಿ ಮುಗಿಸಿದೆವು. ಅಳಿಯನಾಗಿ ನಾನು ಮುಂದೆ ಕೂತಿದ್ದೆ. ಅಳು ಬರಲಿಲ್ಲ, ಸಿಟ್ಟು ಬಂತು.

ಯುದ್ಧ ಮುಗಿದ ಮೇಲೆ ಕಫೀಲ್ ಮತ್ತೆ ಕರೆದ. ಹೊಟ್ಟೆಪಾಡು, ಹೋದೆ. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಹಗಲಿನಲ್ಲೇ ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು, ಬಿಳಿ ಅಂಗಿಗೆ ಮಸಿ ಹತ್ತುತ್ತಿತ್ತು. ಅರ್ದಿಯಾದಲ್ಲಿ ಗೋದಾಮಿನ ಶಟರು ಕಿತ್ತುಹೋಗಿತ್ತು. ಸೈನಿಕರು ಫ್ಯಾನು, ಮೇಜು, ಕಬ್ಬಿಣದ ರ‍್ಯಾಕುಗಳನ್ನು ಹೊತ್ತುಕೊಂಡು ಹೋಗಿದ್ದರು. ರಬ್ಬರಿನ ಬಳೆಗಳು ಅವರಿಗೆ ಬೇಕಾಗಿರಲಿಲ್ಲ. ಅಂಗಳದ ಮರಳಿನಲ್ಲಿ ಸುರಿದು ಹೋಗಿದ್ದರು. ಒಂದನ್ನು ಎತ್ತಿ ಅಗಲಿಸಿದೆ, ಬಿಸಿಲಿಗೆ ಒಣಗಿ ತುಂಡಾಯಿತು.

ಕಾಕ ಬದುಕಿದ್ದರು, ಅರ್ಧ ಆಳಾಗಿದ್ದರು. “ಕೊನೆಗೆ ಎಚ್ಚರ ತಪ್ಪಿತು ಮೋನೇ. ಆಸ್ಪತ್ರೆಯಲ್ಲಿ ಮದ್ದೇ ಇರಲಿಲ್ಲ. ಸುಡುವ ಹಾಗೆಯೂ ಇರಲಿಲ್ಲ, ಮಣ್ಣಿಗೆ ಇಟ್ಟೆವು. ನಿಮ್ಮವರು ಒಂದಿಬ್ಬರು ಇದ್ದರು, ಅವರಿಗೆ ಬಂದದ್ದನ್ನು ಅವರು ಹೇಳಿದರು. ನನಗೆ ಬಂದದ್ದನ್ನು ನಾನು ಹೇಳಿದೆ.” ಒಳಗೆ ಹೋಗಿ ಗೋದಾಮಿನ ಕೀ ತಂದು ನನ್ನ ಕೈಯಲ್ಲಿಟ್ಟರು. “ಗೋದಾಮು ಒಡೆದದ್ದು ಅವನು ಹೋದ ಮೇಲೆ. ಅಷ್ಟಾದರೂ ಪುಣ್ಯ.”

ಚಳಿಗಾಲಕ್ಕೆ ಜಪಾನಿನವರು ಬಂದರು. ವಿಷಯ ಮೊದಲೇ ತಿಳಿದಿತ್ತು. ತುಂಬ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಎರಡೂ ಕೈಯಲ್ಲಿ ಒಂದು ಪೊಟ್ಟಣ ನೀಡಿದರು. ಒಳಗೆ ಬೂದು ಬಣ್ಣದ ಚೌಕ ರೇಷ್ಮೆ ಬಟ್ಟೆ ಇತ್ತು. ತಮ್ಮಲ್ಲಿ ಬೆಲೆಬಾಳುವ ವಸ್ತುವನ್ನು ಇಂಥದ್ದರಲ್ಲಿ ಕಟ್ಟಿಡುತ್ತಾರೆ ಎಂದರು.

“ನಿಮ್ಮ ಹೆಂಡತಿಗೆ ಕೊಡಿ. ತಂದೆಯನ್ನು ಕಳೆದುಕೊಂಡಿದ್ದಾರೆ.”

ನನಗೆ ಹೆಂಡತಿಯೇ ಇರಲಿಲ್ಲ. ಮಾವನಿಗೆ ಮಗಳೂ ಇರಲಿಲ್ಲ.

“ನಾನೂ ನಿಮ್ಮ ಹಾಗೆ,” ಎಂದು ಅವರು ಮುಂದುವರಿಸಿದರು. “ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಯಜಮಾನರ ಮಗಳನ್ನು ಮದುವೆಯಾಗಿ, ಹುಟ್ಟಿದ ಮನೆಯ ಹೆಸರು ಬಿಟ್ಟು ಅವರ ಹೆಸರು ತೆಗೆದುಕೊಂಡೆ. ನಿಮ್ಮ ಮಾವ ನಿಮ್ಮನ್ನು ಪರಿಚಯಿಸುವಾಗಲೆಲ್ಲ ನನಗೆ ಸಮಾಧಾನವಾಗುತ್ತಿತ್ತು. ಇಲ್ಲಿಯೂ ನನ್ನಂಥವನೊಬ್ಬ ಇದ್ದಾನೆ ಎಂದು.”

“ನಿಮ್ಮಲ್ಲಿ ತಂಗಿಯ ಮಗನಿಗೆ ಏನೂ ಇಲ್ಲವೇ?” ಎಂದು ಕೇಳಿದೆ.

“ತಂಗಿಯ ಮಗನಿಗೆ? ಇಲ್ಲ. ಯಾಕೆ?”

ಏನೂ ಇಲ್ಲ ಎಂದೆ. ಅವರ ಸಮಾಧಾನವನ್ನಾದರೂ ಉಳಿಸೋಣ ಎನ್ನಿಸಿತು. ಎರಡೂ ಕೈಯಲ್ಲಿ ಬಟ್ಟೆ ತೆಗೆದುಕೊಂಡೆ. ಆಗ ಬಂತು ಅಳು, ಇಷ್ಟು ದಿನ ಬಾರದ್ದು.

ರಜೆಗೆ ಹೋದಾಗ ಬಟ್ಟೆಯನ್ನೂ ಕೀಯನ್ನೂ ಅಮ್ಮನಿಗೆ ಕೊಟ್ಟು ಎಲ್ಲವನ್ನೂ ಹೇಳಿದೆ. ಮಾವನ ಮಗಳಿಗಂತೆ ಎಂದಾಗ ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಬಟ್ಟೆಯನ್ನು ತೊಡೆಯ ಮೇಲೆ ಹರಡಿ, ಕೀಯನ್ನು ನಡುವೆ ಇಟ್ಟು, ಮೆಲ್ಲಗೆ ಗಂಟು ಕಟ್ಟಿದಳು.

“ಅವರಲ್ಲಿ ಅಳಿಯಕಟ್ಟು ಇಲ್ಲ ಅಂತ ಅಣ್ಣನಿಗೆ ಯಾರಾದರೂ ಹೇಳಿದ್ದರೆ,” ಎಂದಳು, “ಬಸ್ಸು ಹತ್ತುತ್ತಿದ್ದನೋ ಏನೋ.”