ಹಲ್ಲಣ್ಣನ ಏಳು ಟ್ಯೂಬು, ಒಂದು ಹವಳ

ಹಲ್ಲಣ್ಣನನ್ನು ಬರೀ ಹಲ್ಲುಸೆಟ್ಟು ಮಾಡುವವನು ಅಂದುಕೊಂಡರೆ ನೀವು ಅರ್ಧ ಹಲ್ಲಣ್ಣನನ್ನಷ್ಟೇ ನೋಡಿದ ಹಾಗೆ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಪುಟ್ಟ ಕೋಣೆಯಲ್ಲಿ ಮೇಣ ಕರಗಿಸಿ, ಅಚ್ಚು ಹಾಕಿ, ಉಜ್ಜಿ ಹೊಳಪು ಕೊಡುವುದು ಅವನ ಹೊಟ್ಟೆಪಾಡು. ಹೆಮ್ಮೆ ಮಾತ್ರ ಬಿಳಿಯ ವಿಷಯದಲ್ಲಿ. ನಿಮಗೂ ನನಗೂ ಬಿಳಿ ಅಂದರೆ ಒಂದೇ ಬಿಳಿ. ಅವನ ಹತ್ತಿರ ಹದಿನಾರು ಬಿಳಿ ಹಲ್ಲುಗಳನ್ನು ಸಾಲಾಗಿ ಸಿಕ್ಕಿಸಿದ ಒಂದು ಪಟ್ಟಿ ಇದೆ. ಗಿರಾಕಿ ಬಾಯಿ ಬಿಟ್ಟು ‘ಆ’ ಅನ್ನುವಷ್ಟರಲ್ಲಿ ಇದು ಎಷ್ಟನೇ ಬಿಳಿ ಅಂತ ಹೇಳಿಬಿಡುತ್ತಾನೆ.

ಇಂಥ ಕಣ್ಣಿರುವವನು ಮನೆಗೆ ಹವಳದ ತೊಟ್ಟಿ ತಂದರೆ ಏನಾಗಬೇಕೋ ಅದೇ ಆಯಿತು.

ಮೂರಡಿ ಗಾಜಿನ ತೊಟ್ಟಿ, ಉಪ್ಪುನೀರು, ಪಟ್ಟೆ ಪಟ್ಟೆಯ ಎರಡು ಮೀನು, ಕಲ್ಲಿನ ಮೇಲೆ ಮುಷ್ಟಿಯಷ್ಟು ದೊಡ್ಡ ಹಸಿರು ಹವಳ. ಮೇಲೆ ನಾಲ್ಕು ಟ್ಯೂಬ್‌ಲೈಟ್ ಕೂರುವ ಮುಚ್ಚಳ. ಹವಳ ಬದುಕುವುದೇ ಬೆಳಕಿನಿಂದ. ನೀಲಿ ಟ್ಯೂಬು ಹೆಚ್ಚಾದರೆ ಹವಳ ಮಿರಮಿರ ಮಿಂಚುತ್ತದೆ, ಆದರೆ ಹಾಲ್‌ನಲ್ಲಿ ಕೂತವರೆಲ್ಲ ಹೆಣದ ಹಾಗೆ ಕಾಣುತ್ತಾರೆ. ಬಿಳಿ ಹೆಚ್ಚಾದರೆ ಮನೆಯವರಿಗೆ ಜೀವ ಬರುತ್ತದೆ, ಹವಳ ಬೆಂದ ಸೊಪ್ಪಾಗುತ್ತದೆ. ಇವನ ಬಳಿ ಮೂರು ನೀಲಿ, ಮೂರು ಬಿಳಿ, ಒಂದು ಗುಲಾಬಿ ಟ್ಯೂಬು. ಇರುವುದು ಏಳೇ ಬಗೆಯ ಜೋಡಣೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಶುರು ಮಾಡಿದ ಮೇಲೆ ಒಂದು ನೋಟ್‌ಬುಕ್ ಮುಗಿದು ಇನ್ನೊಂದಕ್ಕೆ ಬಂದಿತ್ತು.

ಇದಕ್ಕೆ ಮುಂಚೆ ಎರಡು ಹವಳ ಸತ್ತಿದ್ದವು. ಎರಡನೆಯದು ಹೋದ ದಿನ ಹೆಂಡತಿ ಅವನಿಂದ ಮಾತು ತೆಗೆದುಕೊಂಡಿದ್ದಳು. ಮೂರನೆಯದೂ ಹೋದರೆ ತೊಟ್ಟಿ ಮೀನಿನಂಗಡಿಗೆ ವಾಪಸ್ಸು, ಆ ಜಾಗಕ್ಕೆ ಬಟ್ಟೆ ಬೀರು. ಬಂದ ವಾರ ಹೂವಿನಂತೆ ಅರಳಿದ್ದ ಮೂರನೆಯದು ಈಗ ಒಣದ್ರಾಕ್ಷಿಯ ಹಾಗೆ ಮುದುಡಿ ಕೂತಿತ್ತು. ಹೆಂಡತಿ ಆಗಲೇ ಟೇಪು ಹಿಡಿದು ಗೋಡೆ ಅಳೆದಿದ್ದಳು.

ಮೀನಿನಂಗಡಿಯವನು ಮೂರು ನೀಲಿ ಅಂದ. ಹವಳ ಸಾಕುವವರ ಫೋನಿನ ಗುಂಪಿನ ಹಿರಿಯರೊಬ್ಬರು ಎರಡೆರಡು ಅಂದರು. ಅದಕ್ಕೆ ಇನ್ನೊಬ್ಬ ಹಿರಿಯರು ಅವರ ಜೊತೆ ಮಾತೇ ಬಿಟ್ಟರು. ಹಲ್ಲಣ್ಣ ಎಲ್ಲರ ಮಾತನ್ನೂ ಕೇಳಿದ, ಅದೂ ಒಂದೇ ವಾರದಲ್ಲಿ.

“ನನ್ನ ಮದುವೆ ಆಗೋಕೆ ಎರಡೇ ನಿಮಿಷದಲ್ಲಿ ಹೂಂ ಅಂದ್ರಿ. ಈ ಟ್ಯೂಬಿಗೆ ಎರಡು ತಿಂಗಳೇನ್ರೀ?” ಅಂದಳು ಹೆಂಡತಿ.

“ಅವತ್ತು ಬೆಳಕು ಚೆನ್ನಾಗಿತ್ತು ಕಣೇ.”

ಜೊತೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಇದನ್ನೆಲ್ಲ ನೋಡುತ್ತ ಬಾಯಿ ಮುಚ್ಚಿಕೊಂಡಿದ್ದರು. ಬಾಯಿ ತೆರೆದರೆ ನೋವು. ಬಾಯಲ್ಲಿದ್ದದ್ದು ಅಳಿಯ ಮಾಡಿಕೊಟ್ಟ ಸೆಟ್ಟು, ಎಡಗಡೆ ಚುಚ್ಚುತ್ತಿತ್ತು. ಉಜ್ಜಿ ಕೊಡಿ ಅಂತ ದಿನಾ ಕೇಳುತ್ತಿದ್ದರು. ಹಲ್ಲಣ್ಣ ದಿನಾ ತನ್ನ ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಹೇಳುತ್ತಿದ್ದ: “ಹದಿನೈದು ದಿನ ಸುಮ್ಮನೆ ಹಾಕ್ಕೊಂಡಿರಿ ಅತ್ತೆ. ಬಾಯಿ ತಾನಾಗೇ ಒಗ್ಗಿಕೊಳ್ಳುತ್ತೆ. ದಿನಕ್ಕೊಂದು ಸಲ ಉಜ್ಜುತ್ತಾ ಕೂತ್ರೆ ಯಾವ ಸೆಟ್ಟೂ ಕೂರಲ್ಲ.”

ಒಂದು ಭಾನುವಾರ ಅವನು ಮತ್ತೆ ಸ್ಟೂಲು ಹತ್ತಿದ. ಮುಚ್ಚಳದಲ್ಲಿ ಎರಡು ನೀಲಿ, ಒಂದು ಬಿಳಿ. ನಾಲ್ಕನೆಯ ಜಾಗ ಖಾಲಿ. ಎಡಗೈಯಲ್ಲಿ ಬಿಳಿ, ಬಲಗೈಯಲ್ಲಿ ಗುಲಾಬಿ ಹಿಡಿದು ಕಾಲು ಗಂಟೆ ಹಾಗೇ ನಿಂತಿದ್ದ. ಅತ್ತೆ ಎದ್ದು ಬಂದರು.

“ಆ ಗುಲಾಬಿ ಹಾಕಿ ಇಳೀರಿ ಅಳಿಯಂದ್ರೇ.”

“ಯಾಕತ್ತೆ ಗುಲಾಬಿ?”

“ನನ್ನ ಸೆಟ್ಟಿನ ಒಸಡಿನ ಬಣ್ಣ ಅದೇ. ನೀವೇ ಆರಿಸಿದ್ದಲ್ವಾ, ಚೆನ್ನಾಗೇ ಇರುತ್ತೆ.”

“ಹವಳದ ವಿಚಾರ ಹಾಗಲ್ಲ ಅತ್ತೆ, ಅದರಲ್ಲಿ ಲೆಕ್ಕ ಇದೆ...”

“ಹದಿನೈದು ದಿನ ಸುಮ್ಮನಿರಿ. ಹವಳ ತಾನಾಗೇ ಒಗ್ಗಿಕೊಳ್ಳುತ್ತೆ. ದಿನಕ್ಕೊಂದು ಬೆಳಕು ತೋರಿಸ್ತಾ ಇದ್ರೆ ಅದಾದ್ರೂ ಹೆಂಗೆ ಕೂರಬೇಕು?”

ಅದು ಅವನದೇ ಮಾತು. ಹಲ್ಲಣ್ಣ ಗುಲಾಬಿ ಸಿಕ್ಕಿಸಿ ಇಳಿದ. ಉಳಿದ ಮೂರು ಟ್ಯೂಬು ಅತ್ತೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಸೇರಿದವು, ಬೀಗದ ಕೈ ಸೊಂಟಕ್ಕೆ.

ಮೊದಲ ವಾರ ಅವನು ಪಟ್ಟ ಪಾಡು ಕೇಳಬೇಡಿ. ಊಟ ರುಚಿಸಲಿಲ್ಲ, ಒಬ್ಬ ಗಿರಾಕಿಗೆ ಹದಿನಾಲ್ಕನೇ ಬಿಳಿಯ ಬದಲು ಹನ್ನೊಂದನೆಯದು ಹಾಕಿಬಿಟ್ಟ. ಒಂಬತ್ತನೇ ದಿನ ಹವಳದ ಒಂದು ಅಂಚು ಸಡಿಲವಾಯಿತು. ಅವನು ಗಾಜಿನ ಮುಂದೆ ಉಸಿರು ಬಿಡಲೂ ಹೆದರಿದ. ಹದಿನೈದನೇ ಬೆಳಗ್ಗೆ ನೋಡಿದರೆ ಅಷ್ಟೂ ಅರಳಿ, ಹಸಿರು ಬೆರಳುಗಳನ್ನು ನೀರಿನಲ್ಲಿ ಆಡಿಸುತ್ತಿತ್ತು. ಹೆಂಡತಿ ಟೇಪು ಸುತ್ತಿಟ್ಟಳು.

ಅತ್ತೆ ಬೀಗ ತೆಗೆದು ಮೂರು ಟ್ಯೂಬು ವಾಪಸ್ಸು ಕೊಟ್ಟರು. ಮೇಲೊಂದು ಲೋಟ. ಲೋಟದಲ್ಲಿ ಸೆಟ್ಟು.

“ನಿಮ್ಮ ಹವಳ ಒಗ್ಗಿತು. ನನ್ನ ಬಾಯಿ ಒಗ್ಗಲಿಲ್ಲ. ಈಗ ಉಜ್ಜಿ.”

ಹಲ್ಲಣ್ಣ ಕೂತು ಎಡಗಡೆ ಉಜ್ಜಿದ.

ಈಗ ಫೋನಿನ ಗುಂಪಿನಲ್ಲಿ ಅವನೂ ಒಬ್ಬ ಹಿರಿಯ. ಎರಡು ನೀಲಿ, ಒಂದು ಬಿಳಿ, ಒಂದು ಗುಲಾಬಿ. ಹದಿನಾರು ಬಿಳಿ ಬಲ್ಲ ಕಣ್ಣಿಗಷ್ಟೇ ಹೊಳೆಯುವ ಜೋಡಣೆ ಅಂತ ಹೊಸಬರಿಗೆ ಪಾಠ ಮಾಡುತ್ತಾನೆ. ಅತ್ತೆಯ ಹೆಸರು ಆ ಪಾಠದಲ್ಲಿ ಬರುವುದಿಲ್ಲ. ಅವರು ಪಕ್ಕದ ಕುರ್ಚಿಯಲ್ಲಿ ಕೂತು, ಹೊಸದಾಗಿ ಉಜ್ಜಿದ ಹಲ್ಲು ಅಷ್ಟೂ ಬಿಟ್ಟು ನಗುತ್ತಾರೆ.

ಒಮ್ಮೆ ಹೋಗಿ ಬನ್ನಿ. ಕ್ಲಿನಿಕ್ಕಿನ ಹಿಂದಿನ ಬಾಗಿಲು ತಟ್ಟಿ ಹವಳ ನೋಡಬೇಕು ಅನ್ನಿ, ಕೆಲಸ ಬಿಟ್ಟು ಮನೆಗೆ ಕರೆದೊಯ್ಯುತ್ತಾನೆ. ಅವನು ಹೇಳುವ ಲೆಕ್ಕವನ್ನೆಲ್ಲ ಕೇಳಿ, ತಲೆಯಾಡಿಸಿ, ಆಮೇಲೆ ಅತ್ತೆಯನ್ನು ಮಾತಾಡಿಸಿ. ನಗುವಾಗ ಮಾತ್ರ ಹುಷಾರು, ನಿಮ್ಮದು ಎಷ್ಟನೇ ಬಿಳಿ ಅಂತ ಅವನು ಆಗಲೇ ನೋಡಿರುತ್ತಾನೆ.