ತಿರುವಿನ ಗೌರಿ ಹೂವು

ನಮ್ಮ ಮನೆಯಲ್ಲಿ ಚೌತಿಗೆ ಫಲಾವಳಿ ಕಟ್ಟುವ ಅಧಿಕಾರ ಅತ್ತೆಯದು. ಗಣಪತಿಯನ್ನು ಕೂರಿಸುವ ಜಾಗದ ಮೇಲೆ ಮರದ ಚೌಕಟ್ಟೊಂದನ್ನು ತೂಗುಹಾಕಿ, ಮೊಗೆಕಾಯಿ, ಹಾಗಲಕಾಯಿ, ಅಡಿಕೆಯ ಸಿಂಗಾರ, ಕಾಡಿನ ಕಾಯಿ, ಹೂವು, ಸೊಪ್ಪು ಎಲ್ಲವನ್ನೂ ಬಾಳೆನಾರಿನಲ್ಲಿ ಕಟ್ಟಿ ಇಳಿಬಿಡುವುದೇ ಫಲಾವಳಿ. ಅದರ ನಟ್ಟನಡುವೆ ಒಂದು ಗೌರಿ ಹೂವು ಇರಲೇಬೇಕು. ಮಳೆಗಾಲದಲ್ಲಿ ಪೊದೆಗಳ ಮೇಲೆ ಹಬ್ಬಿ, ಕೆಂಪು ಹಳದಿ ಎಸಳುಗಳನ್ನು ಒಲೆಯ ಉರಿಯಂತೆ ಮೇಲಕ್ಕೆತ್ತಿ ನಿಲ್ಲುವ ಬಳ್ಳಿಯ ಹೂವು ಅದು. ಅದರ ಬಗ್ಗೆ ಅತ್ತೆಗೆ ಎರಡು ಕಾನೂನು. ನೆಟ್ಟು ಬೆಳೆಸಿದ್ದು ಆಗದು, ತಾನಾಗಿ ಹುಟ್ಟಿದ್ದೇ ಬೇಕು. ಮತ್ತೆ, ಗೌರಿ ಹೂವನ್ನು ಯಾರು ಕೊಯ್ಯುತ್ತಾರೋ ಅವರೇ ಫಲಾವಳಿ ಕಟ್ಟಬೇಕು. ಇದೆಲ್ಲ ಎಲ್ಲಿ ಬರೆದಿದೆ ಎಂದು ಮದುವೆಯಾದ ಹೊಸದರಲ್ಲಿ ಕೇಳಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಮಂಡಿ ಗಟ್ಟಿಯಿದ್ದಷ್ಟು ಕಾಲ ಅತ್ತೆ ಅಮದಳ್ಳಿಯ ನಮ್ಮ ಮನೆಯ ಹಿಂದಿನ ಗುಡ್ಡ ಹತ್ತಿ ಹೂವು ತರುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಮನೆಯೆದುರಿನ ರಸ್ತೆಯ ತಿರುವೇ ಅವರ ಗುಡ್ಡವಾಯಿತು. ಮೋರಿಯ ಪಕ್ಕದ ಲಕ್ಕಿ ಪೊದೆಯ ಮೇಲೆ ಪ್ರತಿವರ್ಷ ಗೌರಿ ಬಳ್ಳಿ ತಾನಾಗಿ ಏಳುತ್ತಿತ್ತು. ಕೋಲು ಊರಿಕೊಂಡು ಅಲ್ಲಿಯವರೆಗೆ ಹೋಗಿ, ಹೂವು ಕೊಯ್ದು, ಗೆದ್ದ ಮುಖ ಮಾಡಿಕೊಂಡು ಬರುತ್ತಿದ್ದರು.

ಆಮೇಲೆ ಎದುರುಮನೆಯ ಮಾವ ಮಷಿನ್ ತಂದರು.

ಕೇರಿಗೆಲ್ಲ ಮಾವನಾದ ಇವರು ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಸುಮ್ಮನೆ ಕೂತು ಗೊತ್ತಿಲ್ಲದ ಜೀವ. ಚೌತಿಗೆ ಮೊದಲು ಪ್ರತಿ ಮನೆಯವರೂ ತಮ್ಮ ಎದುರಿನ ರಸ್ತೆಬದಿಯ ಹುಲ್ಲು ಸವರುವುದು ನಮ್ಮ ಕೇರಿಯ ಕ್ರಮ. ಗಣಪತಿ ಬರುವ ದಾರಿ ಚೊಕ್ಕಟವಾಗಿರಬೇಕಲ್ಲ. ಕತ್ತಿಯಲ್ಲಿ ಸವರುವಾಗ ಹೂವು ಕಂಡರೆ ಕೈ ತಾನಾಗಿ ತಪ್ಪಿಸಿಕೊಂಡು ಹೋಗುತ್ತಿತ್ತು. ಹುಲ್ಲು ಕತ್ತರಿಸುವ ಮಷಿನ್‌ಗೆ ಗೌರಿಯೂ ಒಂದೇ, ಗರಿಕೆಯೂ ಒಂದೇ. ಮಾವನಿಗೋ ಅದನ್ನು ಹೆಗಲಿಗೆ ಹಾಕಿಕೊಂಡರೆ ಹರೆಯ ಮರಳಿದಷ್ಟು ಸಂಭ್ರಮ. ಮಳೆ ಹಿಡಿದ ಲಾಗಾಯ್ತು ತಮ್ಮ ಬದಿಯನ್ನಷ್ಟೇ ಅಲ್ಲ, ನಮ್ಮ ಬದಿಯನ್ನೂ, ಮೋರಿಯ ಸುತ್ತನ್ನೂ ಬೋಳಿಸಿಟ್ಟರು. ಪುಕ್ಕಟೆ ಸೇವೆ, ಬೇಡ ಎನ್ನುವುದು ಹೇಗೆ?

ಆ ವರ್ಷ ತಿರುವಿನಲ್ಲಿ ಗೌರಿ ಹೂವು ಇರಲಿಲ್ಲ. ನಾನು ಅಂಕೋಲೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುವವಳು. ಹಬ್ಬದ ಹಿಂದಿನ ಸಂಜೆ ಪೇಟೆಗೆ ಹೋದರೆ ಗೋಣಿತಾಟು ಹಾಸಿ ಫಲಾವಳಿಯ ಸಾಮಾನು ಮಾರುವವರ ಸಾಲೇ ಸಾಲು. ನಮ್ಮ ಕೇರಿಯ ಅರ್ಧ ಜನ ಅಲ್ಲೇ ನಿಂತು ಚೌಕಾಸಿ ಮಾಡುತ್ತಿದ್ದರು, ಮಾವನೂ ಸೇರಿ. ಗೌರಿ ಹೂವು ಹಿಡಿದು ಎಲ್ಲಿಯದು ಎಂದು ಕೇಳಿದೆ. ರಸ್ತೆ ಬದಿದು, ಮತ್ತೆಲ್ಲಿದು ಎಂದಳು ಮಾರುವಾಕೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ಅದು ನಾವೇ. ಗಣಪತಿಗೆಂದು ಗಣಪತಿಯ ಹೂವನ್ನೇ ಸವರಿ ಹಾಕಿ, ಇನ್ನೊಂದೂರಿನ ರಸ್ತೆಬದಿಯ ಹೂವಿಗೆ ಬಸ್ಸು ಹತ್ತಿ ಬಂದಿದ್ದೆವು.

ನಾನು ತಂದ ಹೂವನ್ನು ಅತ್ತೆ ತಿರುಗಿಸಿ ತಿರುಗಿಸಿ ನೋಡಿದರು. ಬಾಳೆನಾರಿನ ಸಿಂಬೆಯನ್ನು ನನ್ನ ಕೈಗಿಟ್ಟು, "ನನ್ನ ಕೈಲಿ ಕೊಯ್ದದ್ದಲ್ಲ. ಇನ್ಮೇಲೆ ಫಲಾವಳಿ ನೀನೇ ಕಟ್ಟು" ಎಂದು ಒಳಗೆ ಹೋದರು. ಕಟ್ಟಿದೆ. ಮೊಗೆಕಾಯಿ ಒಂದು ಕಡೆ ಜೋತು ಬಿದ್ದು ಚೌಕಟ್ಟು ಸೊಟ್ಟಗಾಯಿತು. ಅತ್ತೆ ಅದನ್ನೊಮ್ಮೆ ನೋಡಿ ದೀಪದ ಬತ್ತಿ ಹೊಸೆಯತೊಡಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮರುವರ್ಷ ಮೊದಲ ಮಳೆ ಬಿದ್ದ ವಾರವೇ, ಮಾವ ಮಷಿನ್ ಒರೆಸುತ್ತ ಕೂತಿದ್ದಾಗ ಅವರ ಅಂಗಳಕ್ಕೆ ಹೋಗಿ ಜಗಳ ತೆಗೆದೆ. ಗಣಪತಿ ಕಳೆಯಲ್ಲಿ ನಡೆದು ಬರಬೇಕಾ ಎಂದು ಅವರು ಕೇಳಿದರು. ಗಣಪತಿ ಬರುವುದು ರಿಕ್ಷಾದಲ್ಲಿ, ನಡೆದು ಬರುವವರು ನಮ್ಮತ್ತೆ ಎಂದೆ. ತಿರುವಿನಲ್ಲಿ ಹುಲ್ಲು ಬೆಳೆದರೆ ಬೈಕಿನವರಿಗೆ ಎದುರು ಬರುವ ವಾಹನ ಕಾಣುವುದಿಲ್ಲ ಎಂದರು. ಅದು ನ್ಯಾಯದ ಮಾತು. ಹಾವು ಮನೆಗೆ ಬರುತ್ತದೆ ಎಂದರು. ಅದಕ್ಕೂ ನನ್ನ ಬಾಯಿ ನಿಲ್ಲಲಿಲ್ಲ. ಡಾಂಬರಿನ ಅಂಚಿಗೆ ಎರಡು ಮೊಳ ನಾನೇ ಸವರಿ ಇಡುತ್ತೇನೆ, ತಿರುವಿನ ಒಳಮೈಯನ್ನು ಗಿಡ್ಡ ಇಡುತ್ತೇನೆ, ಉಳಿದದ್ದಕ್ಕೆ ದೀಪಾವಳಿ ಕಳೆದು ಬೀಜ ಉದುರುವ ತನಕ ಯಾರೂ ಕೈ ಹಚ್ಚಬಾರದು, ಯಾರ ಮನೆಗಾದರೂ ಹಾವು ಬಂದರೆ ಅದೇ ದಿನ ನನ್ನ ಕೈಯಾರೆ ಎಲ್ಲ ಕಡಿದು ಹಾಕುತ್ತೇನೆ ಎಂದುಬಿಟ್ಟೆ. ಹಾವು ಸಾಯಬಾರದು, ಕೋಲು ಮುರಿಯಬಾರದು ಎಂಬಂಥ ಒಪ್ಪಂದ. ಮಾವ ಒಪ್ಪಿದರು. ಸೋಲುವವಳು ನಾನೇ ಎಂಬ ನಗು ಅವರ ಮೀಸೆಯಲ್ಲಿತ್ತು.

ಆ ಮಳೆಗಾಲದಷ್ಟು ಸುಖವನ್ನು ನಾನು ರಸ್ತೆಯ ಮೇಲೆ ನಿಂತು ಎಂದೂ ಪಟ್ಟಿರಲಿಲ್ಲ. ಭಾನುವಾರ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಅಂಚು ಸವರುವುದು, ಸವರಿದ ಹುಲ್ಲನ್ನು ಅಲ್ಲೇ ಕೊಳೆಯಲು ಬಿಡದೆ ಒಟ್ಟುಮಾಡಿ ಪಕ್ಕದ ಕೊಟ್ಟಿಗೆಗೆ ಹಾಕುವುದು. ಬಸ್ಸಿನಿಂದ ಇಳಿದವರು ಪಂಚಾಯ್ತಿ ಕೆಲಸ ಯಾವಾಗ ಸಿಕ್ಕಿತು ಎಂದು ಚಾಳಿಸಿ ನಗುತ್ತಿದ್ದರು. ಚಾಳಿಸಲಿ. ಮೊದಲು ತುಂಬೆ ಬಂತು, ಬಿಳಿ ಬಿಳಿಯಾಗಿ. ಮೋರಿಯ ಕಲ್ಲಿನ ಸಂದಿನಲ್ಲಿ ಕರ್ಣಕುಂಡಲ ಗುಲಾಬಿ ಬಣ್ಣಕ್ಕೆ ಅರಳಿತು. ತಗಟೆ ಗಿಡದ ಮೇಲೆ ಪುಟ್ಟ ಹಳದಿ ಪಾತರಗಿತ್ತಿಗಳು ಮೊಟ್ಟೆಯಿಟ್ಟು, ಹುಳುವಾಗಿ, ಮತ್ತೆ ಪಾತರಗಿತ್ತಿಗಳೇ ಆಗಿ ಎದ್ದವು. ನಾನು ಕೊಪ್ಪೆ ಕೊಡವಿದರೆ ರಸ್ತೆಯ ತುಂಬ ಹಳದಿ. ಹುಲ್ಲಿನ ತೆನೆಗೆ ಜೋತುಬಿದ್ದು ಕಾಳು ತಿನ್ನುವ ಸಣ್ಣ ಹಕ್ಕಿಗಳ ಹಿಂಡು ಬಂತು. ಇದೆಲ್ಲ ಇಷ್ಟು ದಿನ ಎಲ್ಲಿ ಅಡಗಿತ್ತು ಎಂದು ನನಗೆ ದಿನವೂ ಆಶ್ಚರ್ಯ. ಸಂಜೆ ಬಸ್ಸಿಳಿದವಳು ಮನೆಗೆ ಹೋಗುವ ಮೊದಲು ಮೋರಿಯ ಕಟ್ಟೆಯ ಮೇಲೆ ಕೂತು ನೋಡುವುದು ಅಭ್ಯಾಸವೇ ಆಗಿಹೋಯಿತು. ಚಹಾ ಆರಿಹೋಯಿತೆಂದು ಗಂಡ ಗೇಟಿನಿಂದ ಕರೆಯುತ್ತಿದ್ದರು.

ಶ್ರಾವಣದಲ್ಲಿ ಲಕ್ಕಿ ಪೊದೆಯ ನಡುವಿನಿಂದ ಗೌರಿ ಬಳ್ಳಿಯ ತುದಿ ಕಂಡಿತು. ಎಲೆಯ ಕೊನೆಯನ್ನೇ ಕೊಕ್ಕೆ ಮಾಡಿಕೊಂಡು ಅದು ಮೇಲೆ ಮೇಲೆ ಹತ್ತಿತು. ನಾನು ಓಡಿ ಹೋಗಿ ಹೇಳಿದರೆ ಅತ್ತೆ, ಮೊಗ್ಗು ಬಿಡಲಿ, ಆಮೇಲೆ ಮಾತು ಎಂದರು. ಆದರೆ ಮರುದಿನ ಅವರ ಮಂಡಿಗೆ ಎಣ್ಣೆ ತಿಕ್ಕುವ ಕೆಲಸ ನನಗೆ ಬಿತ್ತು. ತಾವಾಗಿ ಕೇಳಿ ಎಣ್ಣೆ ತಿಕ್ಕಿಸಿಕೊಳ್ಳುವವರಲ್ಲ ಅವರು, ಇದು ತಿರುವಿಗೆ ನಡೆಯುವ ತಯಾರಿ. ನನಗೆ ನಗು ತಡೆಯಲಾಗಲಿಲ್ಲ.

ಹಬ್ಬಕ್ಕೆ ಇನ್ನೇನು ಮೂರ್ನಾಲ್ಕು ದಿನ ಇದ್ದಾಗ, ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದೆ. ಎದುರುಮನೆಯಲ್ಲಿ ಹಾವು, ಹಾವು ಎಂದು ಗದ್ದಲ. ದೋಸೆಯನ್ನು ಹಂಚಿನ ಮೇಲೆಯೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ಹೌದು, ಉದ್ದನೆಯ ಕೇರೆ ಹಾವು, ಮಾವನ ಗೆಣಸಿನ ಏರಿಯ ಮೇಲೆ ಆರಾಮಾಗಿ ಹರಿದು ಹೋಗುತ್ತಿತ್ತು. ಎಲ್ಲಿಂದ ಬಂತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮಾವ ನನ್ನನ್ನು ಕಂಡು ಏನೋ ಹೇಳಲು ಬಾಯಿ ತೆರೆದರು. ನನಗೆ ಅವರ ಮಾತು ಬೇಕಾಗಿರಲಿಲ್ಲ. ಸೀದಾ ಮನೆಗೆ ಬಂದು ಕತ್ತಿ ತೆಗೆದೆ. ಜಗುಲಿಯಲ್ಲಿ ಕೂತಿದ್ದ ಅತ್ತೆಯ ಮುಖ ನೋಡಿದೆ, ಬೇಡ ಅಂದಾರು ಎಂಬ ಆಸೆ. ಅವರು, ಮಾತು ಕೊಟ್ಟವಳು ನೀನು, ಕಡಿ ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದರು.

ತಿರುವಿಗೆ ಹೋಗಿ ಒಂದು ತುದಿಯಿಂದ ಶುರುಮಾಡಿದೆ. ತುಂಬೆ ಬಿತ್ತು, ತಗಟೆ ಬಿತ್ತು. ಪಾತರಗಿತ್ತಿಗಳು ಎದ್ದು ನನ್ನ ಮುಖಕ್ಕೇ ಬಂದವು. ಕಣ್ಣಲ್ಲಿ ನೀರು, ಬಾಯಲ್ಲಿ ಮಾವನಿಗೂ ಹಾವಿಗೂ ಸಮನಾಗಿ ಬೈಗುಳ. ಲಕ್ಕಿ ಪೊದೆಗೆ ಕತ್ತಿ ಎತ್ತಿದಾಗ ಯಾರೋ ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದರು. ಏದುಸಿರು ಬಿಡುತ್ತಿದ್ದ ಮಾವ, ಒಂದು ಕಾಲಿಗೆ ಮಾತ್ರ ಚಪ್ಪಲಿ.

"ತಡಿ ಮಾರಾಯ್ತಿ, ಮಾತು ಮುಗಿಸೂಕಾದ್ರೂ ಬಿಡು. ಆ ಕೇರೆ ಹೆಗ್ಗಣ ಹಿಡ್ದದೆ. ಎರಡು ವರ್ಷದಿಂದ ನಂಗೆ ಒಂದು ಗೆಣಸು ತಿನ್ನೂಕೆ ಬಿಡದ ಹೆಗ್ಗಣ ಅದು."

ಹಾವು ಬಂದದ್ದು ಹೌದಲ್ಲ ಎಂದೆ, ಮೂಗು ಒರೆಸಿಕೊಳ್ಳುತ್ತ. ಬಂತು, ಉಂಡಿತು, ಹೋಯಿತು ಎಂದರು. ಚೌತಿಗೆ ಬಂದ ನೆಂಟರೂ ಅಷ್ಟೇ ಮಾಡುವುದು, ಅವರಿಗೆ ಯಾರಾದರೂ ದಾರಿ ಕಡಿಯುತ್ತಾರೆಯೇ ಎಂದೂ ಕೇಳಿದರು. ನಾನು ಕತ್ತಿ ಕೆಳಗಿಟ್ಟೆ. ನಾನು ಕಡಿದು ಕೆಡವಿದ್ದನ್ನು ಇಬ್ಬರೂ ಸೇರಿ ಒಟ್ಟುಮಾಡಿದೆವು. ಒಲೆಯ ಮೇಲಿನ ದೋಸೆ ಸುಟ್ಟು ಕರಕಲಾಗಿತ್ತು.

ತದಿಗೆಯ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಅತ್ತೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಹೊರಟರು. ಹಿಡಿದುಕೊಳ್ಳಲು ಹೋದ ನನ್ನ ಕೈಯನ್ನು ತಳ್ಳಿದರು. ಮಾವ ರಸ್ತೆಯ ನಡುವೆ ನಿಂತು, ಬರುತ್ತಿದ್ದ ಟೆಂಪೋವನ್ನು ಮಂತ್ರಿಯ ಕಾರು ಹೋಗುತ್ತಿದೆಯೇನೋ ಎಂಬ ಗತ್ತಿನಲ್ಲಿ ತಡೆದರು. ಲಕ್ಕಿ ಪೊದೆಯ ತುಂಬ ಗೌರಿ. ಅತ್ತೆ ಕೋಲನ್ನು ಮೋರಿಗೆ ಒರಗಿಸಿ, ಎರಡೂ ಕೈ ಚಾಚಿ, ಎಲ್ಲಕ್ಕಿಂತ ಎತ್ತರದ ಹೂವಿಗೆ ಹೋದರು. ಬೆರಳು ತಾಗಲಿಲ್ಲ. ಹಿಮ್ಮಡಿ ಎತ್ತಿ ಮತ್ತೆ ಚಾಚಿದರು. ಹೂವು ಕೈಗೆ ಬಂತು.

ಇನ್ನೂ ಕೊಯ್ಯಿರಿ, ಬೇಕಾದಷ್ಟಿದೆ ಎಂದೆ. ಅತ್ತೆ ಉಳಿದ ಹೂವುಗಳನ್ನು ಒಮ್ಮೆ ನೋಡಿ ಕೋಲು ಎತ್ತಿಕೊಂಡರು.

"ಒಂದು ಸಾಕು. ಉಳಿದದ್ದು ಬೀಜ ಆಗ್ಲಿ. ಮುಂದಿನ ವರ್ಷ ನಂಗೆ ಬೇಕಲ್ಲ?"

ಮನೆಗೆ ಬಂದವರೇ, ಫಲಾವಳಿ ಕಟ್ಟಲೆಂದು ನಾನು ಎತ್ತಿಕೊಂಡ ಬಾಳೆನಾರಿನ ಸಿಂಬೆಯನ್ನು ನನ್ನ ಕೈಯಿಂದ ಕಸಿದುಕೊಂಡರು.